ಸೈಕಲ್ ತುಳಿಯೋದು ಕಾಲು, ನೋಯೋದು ಮೊಣಕೈ!

ಸೈಕಲ್ ಹೊಡೆದ್ರೆ ತೊಡೆ ನೋಯಬೇಕು, ಮೀನಖಂಡ ಹಿಡಿಯಬೇಕು. ಹೊಸಬರಾದ್ರೆ ಎರಡು ದಿನ ಕುರ್ಚಿ ಮೇಲೆ ಕೂರೋಕೂ ಕಷ್ಟ ಆಗಬೇಕು. ಇವೆಲ್ಲ ಎಲ್ಲರೂ ಒಪ್ಪೋ ನೋವುಗಳು. ಆದರೆ ಪೆಡಲ್ ಮುಟ್ಟದ, ಸುಮ್ಮನೆ ಹ್ಯಾಂಡಲ್ ಹಿಡಿದುಕೊಂಡಿರೋ ಕೈಗೆ, ಅದರಲ್ಲೂ ಮೊಣಕೈಗೆ ಯಾಕೆ ನೋವು ಬರುತ್ತೆ?

ಈ ಪ್ರಶ್ನೆಗೆ ಉತ್ತರ ಸಿಗದೆ ಸೈಕಲ್ ಬಿಟ್ಟವರು ನನ್ನ ಪರಿಚಯದಲ್ಲೇ ನಾಲ್ಕೈದು ಜನ ಇದ್ದಾರೆ. ಕೋವಿಡ್ ಸಮಯದಲ್ಲಿ ಉತ್ಸಾಹದಿಂದ ಗೇರ್ ಸೈಕಲ್ ತಗೊಂಡವರು. ಮೂರ್ನಾಲ್ಕು ತಿಂಗಳು ಓಡಿಸಿದ ಮೇಲೆ ಮೊಣಕೈ ಹೊರಬದಿಯಲ್ಲಿ ಚುಳುಕ್ ಅನ್ನೋಕೆ ಶುರುವಾಯ್ತು. ಮೊದಲು ಬಾಮ್, ಆಮೇಲೆ ಮಾತ್ರೆ, ಕೊನೆಗೆ "ನನಗೆ ಸೈಕಲ್ ಆಗಿಬರಲ್ಲ ಬಿಡಿ" ಅನ್ನೋ ತೀರ್ಮಾನ. ಈಗ ಆ ಸೈಕಲ್ಲುಗಳ ಮೇಲೆ ಟವೆಲ್ ಒಣಗ್ತಿವೆ. ದಿನಕ್ಕೆ ಎಂಟು-ಹತ್ತು ತಾಸು ಕೂತೇ ಕೆಲಸ ಮಾಡೋ ಅವರಿಗೆ ಇದ್ದ ವ್ಯಾಯಾಮ ಅದೊಂದೇ ಆಗಿತ್ತು.

ನಾನು ಸಾಫ್ಟ್‌ವೇರ್ ಎಂಜಿನಿಯರ್. ನಮ್ಮ ಕೆಲಸದಲ್ಲಿ ಎಲ್ಲರಿಗೂ ಆಗೋ ಒಂದು ಅನುಭವ ಇದೆ: ಎರರ್ ತೋರಿಸೋ ಸಾಲು ಒಂದು, ಬಗ್ ಕೂತಿರೋ ಸಾಲು ಇನ್ನೊಂದು. ಎರರ್ ಬಂದ ಸಾಲನ್ನೇ ಎಷ್ಟು ತಿದ್ದಿದ್ರೂ ಸಮಸ್ಯೆ ಹೋಗಲ್ಲ. ಸೈಕಲ್ ಹೊಡೆಯೋರ ಮೊಣಕೈ ನೋವೂ ಹಾಗೇ. ನೋವು ಕಾಣಿಸೋದು ಮೊಣಕೈಯಲ್ಲಿ. ಕಾರಣ ಇರೋದು ಸೀಟಿನಲ್ಲಿ, ಟೈರಿನ ಗಾಳಿಯಲ್ಲಿ, ಹ್ಯಾಂಡಲ್ ಹಿಡಿಯೋ ಮುಷ್ಟಿಯಲ್ಲಿ, ಎಷ್ಟೋ ಸಲ ಆಫೀಸ್ ಟೇಬಲ್ಲಿನ ಮೌಸ್‌ನಲ್ಲಿ.

ಎರಿ ಮಣ್ಣಿನ ರಸ್ತೆ

ನಾನಿರೋದು ರೋಣ ತಾಲ್ಲೂಕಿನ ಹೊಳೆಆಲೂರಿನಲ್ಲಿ. ಹೆಸರೇ ಹೇಳೋ ಹಾಗೆ ಹೊಳೆ ದಂಡೆಯ ಊರು. ಹೊಳೆ ಅಂದ್ರೆ ಮಲಪ್ರಭಾ. ಗದಗದಿಂದ ರೈಲಿನಲ್ಲಿ ಬಾದಾಮಿಗೆ ಹೋದವರಿಗೆ ನಮ್ಮೂರ ಸ್ಟೇಷನ್ ನೆನಪಿರಬಹುದು. ರೋಣದ ಕಡೆ ಹೊರಟರೆ ಕಣ್ಣು ಹಾಯಿಸಿದಷ್ಟೂ ಸಪಾಟು ಎರಿ ಹೊಲ, ಹೊಳೆ ದಾಟಿ ಬಾದಾಮಿ ಕಡೆ ಹೋದ್ರೆ ಕೆಂಪು ಕಲ್ಲಿನ ಗುಡ್ಡ. ಬೆಂಗಳೂರಿನ ಟ್ರಾಫಿಕ್ ನೋಡಿದ ಕಣ್ಣಿಗೆ ಸೈಕಲ್ ಹೊಡೆಯೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಆದರೆ ಎರಿ ಮಣ್ಣಿಗೆ ಒಂದು ಗುಣ ಇದೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಬಿರುಕು ಬಿಡುತ್ತೆ. ಅದರಲ್ಲಿರೋ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಖನಿಜದ ಸ್ವಭಾವವೇ ಅದು. ಮೇಲೆ ಹಾಸಿದ ಡಾಂಬರು ಆ ಮಣ್ಣಿನ ಜತೆಗೇ ಏರಿ ಇಳಿದು, ಕೆಲವೇ ವರ್ಷಗಳಲ್ಲಿ ಅಲೆ ಅಲೆ ಆಗುತ್ತೆ. ದೊಡ್ಡ ತೆಗ್ಗು ಕಣ್ಣಿಗೆ ಕಾಣುತ್ತೆ, ತಪ್ಪಿಸ್ತೀವಿ. ಈ ಸಣ್ಣ ಅಲೆಗಳು ಕಣ್ಣಿಗೆ ಕಾಣಲ್ಲ, ಕೈಗೆ ಮಾತ್ರ ಗೊತ್ತಾಗ್ತವೆ.

ಒಂದು ಸಣ್ಣ ಲೆಕ್ಕ ಹಾಕೋಣ. ಎರಡು ಮೀಟರಿಗೆ ಒಂದು ಸಣ್ಣ ಏರಿಳಿತ ಅಂತ ಇಟ್ಕೊಳ್ಳಿ. 20 ಕಿಲೋಮೀಟರ್ ಹೋಗಿ ಬರೋದ್ರಲ್ಲಿ ಮುಂದಿನ ಗಾಲಿಗೆ 10,000 ಬಡಿತ. ಗಾಲಿಯಿಂದ ಫೋರ್ಕಿಗೆ, ಫೋರ್ಕಿನಿಂದ ಹ್ಯಾಂಡಲ್ಲಿಗೆ, ಹ್ಯಾಂಡಲ್ಲಿನಿಂದ ಅಂಗೈಗೆ ಅವೆಲ್ಲ ಹತ್ತಿ ಬರ್ತವೆ. ಅಲ್ಲಿಂದ ಮುಂದೆ ಎಲ್ಲಿ ನಿಲ್ಲಬೇಕು?

ಊರಿನ ಸೈಕಲ್ ಅಂಗಡಿ ಕಾಕಾ ಒಬ್ಬ ಕಾಲೇಜ್ ಹುಡುಗನಿಗೆ ಇದನ್ನೇ ಹೇಳ್ತಿದ್ರು: "ತಮ್ಮಾ, ಕೈ ಕೋಲಿನಂಗ ಸೆಟಿಸಿ ಹಿಡದ್ರ ಗಾಲಿಗೆ ಬಡದಿದ್ದು ಎಲ್ಲಿ ಹೋಗಬೇಕು? ಸೀದಾ ಮೊಣಕೈಗೇ ಬರತೈತಿ. ಸ್ವಲ್ಪ ಮಡಚಿ ಹಿಡಿ, ಅದು ಸ್ಪ್ರಿಂಗ್ ಆಗತೈತಿ." ಎಂಜಿನಿಯರಿಂಗ್ ಪುಸ್ತಕದಲ್ಲಿ ಶಾಕ್ ಅಬ್ಸಾರ್ಬರ್ ಬಗ್ಗೆ ಒಂದು ಅಧ್ಯಾಯ ಓದಿದ್ದೇವೆ. ಕಾಕಾ ಮೂರು ಮಾತಲ್ಲಿ ಮುಗಿಸಿದ್ರು.

ಪ್ಯಾರಿಸ್–ರೂಬೆ ಅನ್ನೋ ಫ್ರಾನ್ಸಿನ ರೇಸ್ 1896ರಿಂದ ನಡೀತಿದೆ. ಅದರಲ್ಲಿ 50 ಕಿಲೋಮೀಟರಿಗೂ ಹೆಚ್ಚು ದೂರ ಕಲ್ಲು ಹಾಸಿನ ಹಳ್ಳಿ ರಸ್ತೆ ಬರುತ್ತೆ. ಅಲ್ಲಿ ಓಡಿಸೋ ವೃತ್ತಿಪರರು ಮಾಡೋದೂ ಇದನ್ನೇ: ಅಗಲ ಟೈರು, ಕಡಿಮೆ ಗಾಳಿ, ಮಡಚಿದ ಮೊಣಕೈ, ಸಡಿಲ ಹಿಡಿತ.

ಅಜ್ಜನ ಕರಿ ಸೈಕಲ್ಲಿಗೆ ಇದ್ದ ಅನುಕೂಲ

"ನಮ್ಮ ಅಜ್ಜ ದಿನಾ ಸಂತೆಗೆ ಸೈಕಲ್ ಮೇಲೇ ಹೋಗ್ತಿದ್ದ, ಯಾವ ಮೊಣಕೈನೂ ನೋಯ್ತಿರಲಿಲ್ಲ" ಅನ್ನೋರಿದ್ದಾರೆ. ಇದಕ್ಕೆ ಅಜ್ಜನ ಗಟ್ಟಿತನದ ಜತೆ ಸೈಕಲ್ಲಿನ ರಚನೆಯೂ ಕಾರಣ. ಹಳೇ ಕರಿ ಸೈಕಲ್ಲಿನ ಹ್ಯಾಂಡಲ್ ಸವಾರನ ಕಡೆಗೇ ಬಾಗಿ ಬರುತ್ತೆ. ಬೆನ್ನು ನೆಟ್ಟಗೆ, ಮೊಣಕೈ ತಾನಾಗೇ ಮಡಚಿರುತ್ತೆ. ಮೈ ಭಾರವೆಲ್ಲ ಸ್ಪ್ರಿಂಗ್ ಇರೋ ಅಗಲ ಸೀಟಿನ ಮೇಲೆ. ಕೈ ಮಾಡೋದು ದಿಕ್ಕು ತಿರುಗಿಸೋ ಕೆಲಸ ಮಾತ್ರ.

ಈಗಿನ ಗೇರ್ ಸೈಕಲ್ಲಿನಲ್ಲಿ ನೇರ ಹ್ಯಾಂಡಲ್ಲು, ಸಣ್ಣ ಸೀಟು. ಸವಾರ ಮುಂದಕ್ಕೆ ಬಾಗಿದಷ್ಟೂ ಮೈ ಭಾರದ ಒಂದು ಪಾಲು ಕೈಗೆ ಬೀಳುತ್ತೆ. ವೇಗಕ್ಕೆ ಇದು ಒಳ್ಳೇದು. ಆದರೆ ಸೊಂಟ, ಹೊಟ್ಟೆ, ಬೆನ್ನಿನ ಸ್ನಾಯುಗಳು ಆ ಭಾರ ಹಿಡಿಯೋಕೆ ಪಳಗಿರಬೇಕು. ದಿನವಿಡೀ ಕುರ್ಚಿಗೆ ಒರಗಿ ಕೂತ ಸೊಂಟ ಹತ್ತು ನಿಮಿಷಕ್ಕೇ ಸೋಲುತ್ತೆ. ಆಗ ಕೈಯೇ ಕಂಬ ಆಗುತ್ತೆ, ಮೊಣಕೈ ಲಾಕ್ ಆಗುತ್ತೆ.

ಮುಂದೆ ಸಸ್ಪೆನ್ಷನ್ ಇದೆಯಲ್ಲ ಅಂತೀರಾ? ಕಡಿಮೆ ಬೆಲೆಯ ಸೈಕಲ್ಲಿನ ಸ್ಪ್ರಿಂಗ್ ದೊಡ್ಡ ತೆಗ್ಗಿಗೆ ಅಲ್ಪಸ್ವಲ್ಪ ಕೆಲಸ ಮಾಡುತ್ತೆ. ಸಣ್ಣ ಕಂಪನಕ್ಕೆ ಅದು ಅಲುಗೋದೂ ಇಲ್ಲ.

ಟೆನಿಸ್ ಆಡದವರ ಟೆನಿಸ್ ಎಲ್ಬೋ

ಮೊಣಕೈ ಹೊರಬದಿಯಲ್ಲಿ ಬೆರಳಾಡಿಸಿದ್ರೆ ಗಟ್ಟಿ ಎಲುಬಿನ ಗುಬ್ಬಿ ಒಂದು ಸಿಗುತ್ತೆ. ಮಣಿಕಟ್ಟನ್ನು ಹಿಂದಕ್ಕೆ ಎತ್ತೋ ಸ್ನಾಯುಗಳು ಬಂದು ಅಂಟಿಕೊಳ್ಳೋದು ಅಲ್ಲಿ. ನಾವು ಏನನ್ನಾದರೂ ಬಿಗಿಯಾಗಿ ಹಿಡಿದಾಗ ಬೆರಳು ಮಡಚೋದು ಒಳಬದಿಯ ಸ್ನಾಯು. ಅದೇ ಹೊತ್ತಿಗೆ ಮಣಿಕಟ್ಟು ಮುದುಡದ ಹಾಗೆ ಹೊರಬದಿಯ ಸ್ನಾಯು ಎಳೆದು ನಿಲ್ಲಿಸುತ್ತೆ. ಅಂದ್ರೆ ಹ್ಯಾಂಡಲ್ ಎಷ್ಟು ಗಟ್ಟಿ ಹಿಡೀತೀವೋ ಆ ಗುಬ್ಬಿಯ ಮೇಲೆ ಅಷ್ಟು ಎಳೆತ. ಅಲ್ಲಿನ ಸ್ನಾಯುರಜ್ಜುವಿಗೆ ರಕ್ತದ ಓಡಾಟ ಕಡಿಮೆ. ಹಾಗಾಗಿ ಸವೆತ ಬೇಗ ಆದ್ರೂ ದುರಸ್ತಿ ನಿಧಾನ.

ಇದಕ್ಕೆ ಟೆನಿಸ್ ಎಲ್ಬೋ ಅನ್ನೋ ಹೆಸರು ಬಂದದ್ದು 1880ರ ದಶಕದ ಇಂಗ್ಲೆಂಡಿನಲ್ಲಿ. ಅದಕ್ಕೂ ಮೊದಲು 1873ರಲ್ಲಿ ರುಂಗೆ ಅನ್ನೋ ಜರ್ಮನ್ ವೈದ್ಯರು ಈ ನೋವನ್ನು ವಿವರಿಸಿದ್ದು ಬರವಣಿಗೆಯ ಕೆಲಸಕ್ಕೆ ತಳುಕು ಹಾಕಿ. ಅಂದ್ರೆ ಆಟಗಾರರಿಗಿಂತ ಮೊದಲು ಇದು ಮೇಜಿನ ಮುಂದೆ ಕೂತವರ ನೋವು. ನಮ್ಮ ಪೀಳಿಗೆಗೆ ಇದರ ಹೆಸರು ಪರಿಚಯ ಆದದ್ದು 2004ರಲ್ಲಿ, ಸಚಿನ್ ತೆಂಡೂಲ್ಕರ್ ಎಡ ಮೊಣಕೈ ನೋವಿನಿಂದ ಮೈದಾನದ ಹೊರಗೆ ಕೂತಾಗ. ಅವರಿಗಾಗ 31 ವರ್ಷ. ಮರುವರ್ಷ ಶಸ್ತ್ರಚಿಕಿತ್ಸೆಯೂ ಆಯ್ತು.

ನಮ್ಮ ಕಡೆ ಟೆನಿಸ್ ಆಡೋರು ಅಪರೂಪ. ಜೋಳದ ರೊಟ್ಟಿ ಬಡಿಯೋ ಅವ್ವಂದಿರಲ್ಲಿ, ಬಡಗಿಗಳಲ್ಲಿ, ಟೇಲರ್‌ಗಳಲ್ಲಿ ಈ ನೋವು ಇರೋರು ಸಿಗ್ತಾರೆ. "ರೊಟ್ಟಿ ಬಡದು ಬಡದು ರಟ್ಟಿ ಹೋತು" ಅಂತ ನಮ್ಮ ದೊಡ್ಡವ್ವ ಹೇಳೋದು ಬರೀ ಮಾತಿಗಲ್ಲ. ನಮ್ಮಂಥವರು ಹಗಲೆಲ್ಲ ಮಣಿಕಟ್ಟು ಮೇಲೆತ್ತಿ ಮೌಸ್ ಹಿಡೀತೀವಿ, ರಾತ್ರಿ ಮೊಬೈಲ್ ಹಿಡೀತೀವಿ, ಬೆಳಗ್ಗೆ ಹ್ಯಾಂಡಲ್ ಹಿಡೀತೀವಿ. ಮೂರಕ್ಕೂ ದುಡಿಯೋದು ಅದೇ ಸ್ನಾಯು. ದೂರು ಬರೋದು ಸೈಕಲ್ ಮೇಲೆ ಮಾತ್ರ.

ನೋವಿನ ಜಾಗ ಏನು ಹೇಳುತ್ತೆ?

ಹೊರಬದಿಯಲ್ಲಿ ನೋವು, ತುಂಬಿದ ತಂಬಿಗೆ ಎತ್ತುವಾಗ, ಒದ್ದೆ ಬಟ್ಟೆ ಹಿಂಡುವಾಗ ಜಾಸ್ತಿ ಆಗುತ್ತೆ ಅಂದ್ರೆ ಬಹುಶಃ ಟೆನಿಸ್ ಎಲ್ಬೋ. ಬಿಗಿ ಮುಷ್ಟಿ ಮತ್ತು ಬ್ರೇಕ್ ಲಿವರ್ ಕೂತಿರೋ ಕೋನ ಮೊದಲು ನೋಡಿ.

ಒಳಬದಿಯಲ್ಲಿ ನೋವು ಬಂದ್ರೆ ಅದಕ್ಕೆ ಗಾಲ್ಫರ್ಸ್ ಎಲ್ಬೋ ಅಂತಾರೆ. ಏರು ಹತ್ತುವಾಗ ಹ್ಯಾಂಡಲ್ಲನ್ನು ಜಗ್ಗಿ ಎಳೆಯೋರಲ್ಲಿ ಇದು ಬರಬಹುದು.

ಹಿಂಬದಿಯಲ್ಲಿ, ರಟ್ಟೆ ಸ್ನಾಯು ಮೊಣಕೈಗೆ ಸೇರೋ ಕಡೆ ನೋವಿದ್ರೆ ಕೈ ಇಡೀ ಹೊತ್ತು ಮೈಯನ್ನು ಹಿಂದಕ್ಕೆ ತಳ್ಳುತ್ತಿದೆ ಅಂತ ಅರ್ಥ. ಸೀಟಿನ ಮೂತಿ ಕೆಳಗೆ ಬಾಗಿದೆಯಾ ನೋಡಿ.

ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದ್ರೆ ಅದು ಸ್ನಾಯುವಿನದ್ದಲ್ಲ, ನರದ್ದು. ಅಲ್ನಾರ್ ನರ ಮೊಣಕೈ ಒಳಬದಿಯಿಂದ ಹಾದು ಅಂಗೈ ಅಂಚಿಗೆ ಬರುತ್ತೆ. ಮೊಣಕೈ ಎಲ್ಲಾದರೂ ತಾಗಿದಾಗ ಕರೆಂಟ್ ಹೊಡೆದ ಹಾಗಾಗೋದು ಇದರಿಂದಲೇ. ಹ್ಯಾಂಡಲ್ ಅದನ್ನು ಅಂಗೈಯಲ್ಲಿ ಒತ್ತುತ್ತೆ. ಕೈ ಇಡೋ ಜಾಗ ಆಗಾಗ ಬದಲಿಸಿ. ಆಮೇಲೂ ಜೋಮು ಉಳಿದ್ರೆ ವೈದ್ಯರಿಗೆ ತೋರಿಸಿ.

ವಾರಕ್ಕೊಂದು ಬದಲಾವಣೆ

ಎಲ್ಲವನ್ನೂ ಒಂದೇ ದಿನ ಬದಲಿಸಿದ್ರೆ ಯಾವುದರಿಂದ ಗುಣ ಆಯ್ತು ಅಂತ ಗೊತ್ತಾಗಲ್ಲ. ಖರ್ಚಿಲ್ಲದ್ದು ಮೊದಲು, ಖರ್ಚಿಂದು ಕೊನೆಗೆ.

ಮೊದಲನೇದು ಹಿಡಿತ. ಮೊಣಕೈ ಸ್ವಲ್ಪ ಮಡಚಿರಲಿ, ಹೆಗಲು ಕಿವಿಯಿಂದ ದೂರ ಇಳಿದಿರಲಿ. ಸಪಾಟು ರಸ್ತೆಯಲ್ಲಿ ಬೆರಳುಗಳನ್ನು ಪಿಯಾನೊ ನುಡಿಸೋ ಹಾಗೆ ಆಡಿಸೋಕೆ ಆಗುತ್ತಾ ನೋಡಿ. ಆಗದಿದ್ರೆ ಹಿಡಿತ ಬಿಗಿ ಇದೆ ಅಂತ ಲೆಕ್ಕ. ಹತ್ತು ನಿಮಿಷಕ್ಕೊಮ್ಮೆ ಹೀಗೆ ಪರೀಕ್ಷೆ ಮಾಡಿ. ಹೆಬ್ಬೆರಳು ಮಾತ್ರ ಹ್ಯಾಂಡಲ್ಲಿನ ಕೆಳಗೇ ಇರಲಿ, ತೆಗ್ಗು ಬಂದಾಗ ಕೈ ಜಾರಬಾರದು.

ಎರಡನೇದು ಗಾಳಿ. ಪಂಕ್ಚರ್ ಅಂಗಡಿ ಕಂಪ್ರೆಸರ್‌ನಲ್ಲಿ ಟೈರು ಕಲ್ಲಿನ ಹಾಗಾಗೋವರೆಗೆ ಹೊಡೆಸೋದು ನಮ್ಮ ಅಭ್ಯಾಸ. ಟೈರಿನ ಪಕ್ಕದಲ್ಲೇ ಎಷ್ಟು ಪಿಎಸ್‌ಐ ಅಂತ ಕನಿಷ್ಠ, ಗರಿಷ್ಠ ಬರೆದಿರುತ್ತೆ. ಎರಡು ಇಂಚಿನ ಅಗಲ ಟೈರಿಗೆ ಸಾಮಾನ್ಯವಾಗಿ 30ರಿಂದ 45, ಹೈಬ್ರಿಡ್ ಸೈಕಲ್ಲಿನ ಟೈರಿಗೆ 50ರಿಂದ 70 ಸಾಕು. ಕೆಟ್ಟ ರಸ್ತೆಗೆ ಬರೆದಿರೋ ಮಿತಿಯೊಳಗೇ ಕೆಳಗಿನ ಅಂಕಿಯ ಹತ್ತಿರ ಇಟ್ಟುಕೊಳ್ಳಿ. ತೀರಾ ಇಳಿಸಿದ್ರೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ಪಂಕ್ಚರ್ ಆಗುತ್ತೆ.

ಮೂರನೇದು ಸೀಟು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೆಡಲ್ ಕೆಳಗೆ ಬಂದಾಗ ಕಾಲು ನೇರ ಆಗಬೇಕು. ಎತ್ತರಕ್ಕೆ ಇದು ಸುಲಭ ಅಳತೆ. ಆಮೇಲೆ ಮೊಬೈಲಿನ ಲೆವೆಲ್ ಆ್ಯಪ್ ತೆರೆದು ಸೀಟಿನ ಮೇಲೆ ಉದ್ದಕ್ಕೆ ಇಡಿ. ಸೀಟು ಸಮ ಇರಬೇಕು. ಮೂತಿ ಕೆಳಗೆ ಬಾಗಿದ್ರೆ ಮೈ ಮುಂದಕ್ಕೆ ಜಾರ್ತಾನೇ ಇರುತ್ತೆ, ಅದನ್ನು ತಡೆಯೋ ಕೆಲಸ ಕೈಗೆ ಬೀಳುತ್ತೆ. ಒಂದು ಅಲನ್ ಕೀಯಲ್ಲಿ ಐದು ನಿಮಿಷದ ಕೆಲಸ. ಅದೆಷ್ಟೋ ಮೊಣಕೈ ನೋವಿನ ಮೂಲ ಇಲ್ಲೇ ಸಿಗುತ್ತೆ.

ನಾಲ್ಕನೇದು ಬ್ರೇಕ್ ಲಿವರ್. ಸೈಕಲ್ ಮೇಲೆ ಕೂತು ಬೆರಳು ಚಾಚಿ. ಮುಂಗೈ, ಅಂಗೈ, ಬೆರಳು ಮೂರೂ ಒಂದೇ ಗೆರೆಯಲ್ಲಿರೋವಾಗ ಬೆರಳಿಗೆ ಲಿವರ್ ಸಿಗಬೇಕು. ಲಿವರ್ ನೆಲಕ್ಕೆ ಸಮಾನಾಂತರವಾಗಿ ಮೇಲೆ ಎದ್ದಿದ್ರೆ ಪ್ರತಿ ಸಲ ಬ್ರೇಕ್ ಹಿಡಿಯೋಕೆ ಮಣಿಕಟ್ಟು ಎತ್ತಬೇಕಾಗುತ್ತೆ, ಅಂದ್ರೆ ನೋಯೋ ಸ್ನಾಯುವಿಗೇ ಮತ್ತೆ ಕೆಲಸ. ಕ್ಲ್ಯಾಂಪ್ ಸಡಿಲಿಸಿ ಕೆಳಕ್ಕೆ ತಿರುಗಿಸಿ, ಮತ್ತೆ ಬಿಗಿ ಮಾಡೋದು ಮರೀಬೇಡಿ.

ಕೊನೆಗೆ ಹ್ಯಾಂಡಲ್. ಅದು ಸೀಟಿನಷ್ಟೇ ಎತ್ತರ ಅಥವಾ ಒಂದಿಂಚು ಮೇಲಿದ್ರೆ ಹೊಸಬರಿಗೆ ಆರಾಮ. ಹಳೇ ಮಾದರಿಯಲ್ಲಿ ಸ್ಟೆಮ್ ಮೇಲೆತ್ತಬಹುದು, ಆದರೆ ಅದರ ಮೇಲಿರೋ ಗರಿಷ್ಠ ಗೆರೆ ದಾಟಬಾರದು. ದಾಟಿದ್ರೆ ಹ್ಯಾಂಡಲ್ ಕಿತ್ತು ಕೈಗೆ ಬರಬಹುದು. ಹೊಸ ಮಾದರಿಯಲ್ಲಿ ಸ್ಟೆಮ್ ತಲೆಕೆಳಗು ಮಾಡಿ ಹಾಕಿದ್ರೇ ಸ್ವಲ್ಪ ಎತ್ತರ ಸಿಗುತ್ತೆ. ಹ್ಯಾಂಡಲ್ ದೂರ ಅನ್ನಿಸಿದ್ರೆ ಒಂದೆರಡು ಸೆಂಟಿಮೀಟರ್ ಗಿಡ್ಡ ಸ್ಟೆಮ್ ಹಾಕಿಸಿ. ಕೆಲವು ನೂರು ರೂಪಾಯಿಗೆ ಸಿಗೋ, ಅಂಗೈಗೆ ಅಗಲ ಆಸರೆ ಕೊಡೋ ಗ್ರಿಪ್ ಕೂಡ ಸಹಾಯ ಮಾಡುತ್ತೆ.

ಕೈಗೂ ಕಸರತ್ತು ಬೇಕು

ನೋವು ಬಂದಾಗ ಪೂರ್ತಿ ವಿಶ್ರಾಂತಿ ಕೊಟ್ಟರೆ ಸ್ನಾಯುರಜ್ಜು ಇನ್ನಷ್ಟು ಸೊರಗುತ್ತೆ. ಮೊದಲ ಒಂದೆರಡು ವಾರ ದೂರ ಕಡಿಮೆ ಮಾಡಿ, ನಯವಾದ ರಸ್ತೆ ಆರಿಸಿಕೊಳ್ಳಿ. ಜತೆಗೆ ಮುಂಗೈಯನ್ನು ಟೇಬಲ್ ಮೇಲಿಟ್ಟು, ಅಂಗೈ ಕೆಳಮುಖವಾಗಿ ಅಂಚಿನಿಂದ ಹೊರಗೆ ಇರಲಿ. ಇನ್ನೊಂದು ಕೈಯಿಂದ ಒತ್ತಿ ಹಿಡಿದು, ಮಣಿಕಟ್ಟನ್ನು ಮೇಲೆತ್ತೋ ಹಾಗೆ 30ರಿಂದ 45 ಸೆಕೆಂಡ್ ತಳ್ಳಿ. ಕೈ ಅಲುಗಬಾರದು. ಹೀಗೆ ಐದು ಸಲ.

ನೋವು ಸ್ವಲ್ಪ ತಗ್ಗಿದ ಮೇಲೆ ಅದೇ ಭಂಗಿಯಲ್ಲಿ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟು ಮೇಲಕ್ಕೆತ್ತಿ, ಆಮೇಲೆ ಒಂದೇ ಕೈಯಲ್ಲಿ ನಿಧಾನವಾಗಿ ಇಳಿಸಿ. ಹತ್ತರಿಂದ ಹದಿನೈದು ಸಲ, ಮೂರು ಸುತ್ತು. ಹತ್ತಕ್ಕೆ ಮೂರರಷ್ಟು ನೋವು ಇದ್ರೂ ಪರವಾಗಿಲ್ಲ, ಮರುದಿನಕ್ಕೆ ಇಳಿದಿರಬೇಕು. ಇಳಿಯದಿದ್ರೆ ಭಾರ ಕಡಿಮೆ ಮಾಡಿ. ಫಲ ಕಾಣೋಕೆ ಆರರಿಂದ ಹನ್ನೆರಡು ವಾರ ಬೇಕು, ಆತುರ ಬೇಡ. ಜತೆಗೆ ಪ್ಲ್ಯಾಂಕ್ ಮಾಡಿ. ಸೊಂಟ ಗಟ್ಟಿಯಾದಷ್ಟೂ ಕೈಗೆ ಬೀಳೋ ಭಾರ ಕಡಿಮೆ.

ಕೆಲಸದ ಟೇಬಲ್ಲಿನಲ್ಲೂ ಮುಂಗೈಗೆ ಆಸರೆ ಇರಲಿ, ಮಣಿಕಟ್ಟು ನೇರ ಇರಲಿ. ನೋವಿರೋ ದಿನಗಳಲ್ಲಿ ಮೌಸನ್ನು ಇನ್ನೊಂದು ಕೈಗೆ ಕೊಡಿ. ಮೊದಲ ಎರಡು ದಿನ ತಮಾಷೆ ಅನ್ಸುತ್ತೆ, ಆಮೇಲೆ ರೂಢಿ ಆಗುತ್ತೆ.

"ಒಂದು ಇಂಜೆಕ್ಷನ್ ತಗೊಂಡ್ರೆ ಮುಗೀತು" ಅನ್ನೋರೂ ಇದ್ದಾರೆ. ಸ್ಟೆರಾಯ್ಡ್ ಇಂಜೆಕ್ಷನ್‌ನಿಂದ ಮೊದಲ ಕೆಲವು ವಾರ ಹಾಯೆನಿಸೋದು ನಿಜ. ಆದರೆ ಆಸ್ಟ್ರೇಲಿಯಾದಲ್ಲಿ 165 ಟೆನಿಸ್ ಎಲ್ಬೋ ರೋಗಿಗಳ ಮೇಲೆ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯ್ತು. ಒಂದು ವರ್ಷದೊಳಗೆ ನೋವು ಮರುಕಳಿಸಿದ್ದು ಸ್ಟೆರಾಯ್ಡ್ ಪಡೆದವರಲ್ಲಿ ಶೇ. 54, ಔಷಧಿಯಿಲ್ಲದ ಹುಸಿ ಇಂಜೆಕ್ಷನ್ ಪಡೆದವರಲ್ಲಿ ಶೇ. 12. ವೈದ್ಯರು ಇಂಜೆಕ್ಷನ್ ಸೂಚಿಸಿದ್ರೆ "ಇದಿಲ್ಲದೆ ವ್ಯಾಯಾಮದಿಂದ ನೋಡಬಹುದಾ?" ಅಂತ ಕೇಳೋಕೆ ಸಂಕೋಚ ಬೇಡ. ಎಲುಬಿನ ಗುಬ್ಬಿಯ ಮೇಲೇ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸೋದೂ ಬೇಡ, ನೊಂದ ಜಾಗ ಮತ್ತೆ ಕೆರಳುತ್ತೆ.

ಇವಕ್ಕೆ ಮಾತ್ರ ಕಾಯಬೇಡಿ

ಸೈಕಲ್ಲಿನಿಂದ ಬಿದ್ದ ಮೇಲೆ ಮೊಣಕೈ ಪೂರ್ತಿ ಚಾಚೋಕೆ ಆಗದಿದ್ರೆ ಎಕ್ಸ್‌ರೇ ತೆಗೆಸಿ. ಅಂಗೈ ಊರಿ ಬಿದ್ದಾಗ ಮೊಣಕೈ ಹತ್ತಿರದ ಎಲುಬು ಸೀಳೋದು ಅಪರೂಪ ಅಲ್ಲ. ಬಾವು ಬಂದು ಬಿಸಿಯಾಗಿದ್ರೆ, ಜ್ವರ ಇದ್ರೆ, ಹಿಡಿತ ಸಡಿಲಾಗಿ ಕೈಯಿಂದ ಸಾಮಾನು ಜಾರ್ತಿದ್ರೆ, ಜೋಮು ರಾತ್ರಿಯೂ ಬಿಡದಿದ್ರೆ ಮೂಳೆ ತಜ್ಞರನ್ನು ನೋಡಿ. ನಮ್ಮ ಭಾಗದವರಿಗೆ ಗದಗದ ಜಿಮ್ಸ್ ಇದೆ.

ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯ. ಏರು ಹತ್ತುವಾಗ ಬರೋ, ನಿಂತು ಸುಧಾರಿಸಿಕೊಂಡಾಗ ಹೋಗೋ ಎಡಗೈ ನೋವು, ಅದರ ಜತೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಇದ್ರೆ ಅದು ಮೊಣಕೈಯದ್ದಲ್ಲ, ಹೃದಯದ್ದು ಇರಬಹುದು. ಸೀಟು, ಹ್ಯಾಂಡಲ್ ಅಂತ ನೋಡ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ. ಮೂವತ್ತರ ವಯಸ್ಸಿನವರಿಗೂ ಇದು ಅನ್ವಯಿಸುತ್ತೆ.

ಮನೆಯ ಮಕ್ಕಳ ಸೈಕಲ್ಲೂ ನೋಡಿ

2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡಿದಾಗ ಹಳ್ಳಿಯಿಂದ ಹಳ್ಳಿಗೆ ಹೈಸ್ಕೂಲಿಗೆ ಹೋಗೋರಿಗೆ, ಅದರಲ್ಲೂ ಹುಡುಗಿಯರಿಗೆ ದೊಡ್ಡ ಆಸರೆ ಆಯ್ತು. ಈಗ ಮೂವತ್ತರ ಆಸುಪಾಸಿನಲ್ಲಿರೋ ಎಷ್ಟೋ ಜನರ ಮೊದಲ ಸ್ವಂತ ಸೈಕಲ್ ಅದೇ. ಆದರೆ ಹುಡುಗರಿಗೊಂದು, ಹುಡುಗಿಯರಿಗೊಂದು ಮಾದರಿ. ಹದಿಮೂರರ ಮಕ್ಕಳ ಎತ್ತರ ಮಾತ್ರ ನೂರು ಥರ. ಮನೆಯಲ್ಲಿ ಅಣ್ಣನ ಸೈಕಲ್ ತಮ್ಮನಿಗೆ, ಅಪ್ಪನ ಸೈಕಲ್ ಮಗಳಿಗೆ ಬರೋದೂ ಮಾಮೂಲಿ. ಹ್ಯಾಂಡಲ್ ನಿಲುಕದೆ ಕೈ ಚಾಚಿ, ಅದರ ಮೇಲೊಂದು ಟಿಫಿನ್ ಚೀಲ ತೂಗುಹಾಕಿಕೊಂಡು ಹೋಗೋ ಮಕ್ಕಳು "ಕೈ ನೋವು" ಅಂದ್ರೆ ಶಾಲೆಗೆ ಹೋಗೋಕೆ ನೆಪ ಅಂದುಕೊಳ್ಳಬೇಡಿ. ಸೀಟು ಒಂದಿಂಚು ಇಳಿಸಿ, ಹ್ಯಾಂಡಲ್ ಒಂದಿಂಚು ಏರಿಸಿ, ಚೀಲ ಕ್ಯಾರಿಯರಿಗೆ ಕಟ್ಟಿಸಿ. ಅಂಗಡಿಯಲ್ಲಿ ಪಾನಾ ಹಿಡಿದು ಹತ್ತು ನಿಮಿಷದಲ್ಲಿ ಮಾಡಿಕೊಡ್ತಾರೆ.

ಟವೆಲ್ ಒಣಗ್ತಿರೋ ಸೈಕಲ್ಲು ನಿಮ್ಮ ಬಾಲ್ಕನಿಯಲ್ಲೂ ಇದ್ರೆ ಈ ಭಾನುವಾರ ಅದನ್ನು ಹೊರಗೆ ತೆಗೆದು ಸೀಟಿನ ಮೇಲೆ ಮೊಬೈಲ್ ಇಟ್ಟು ಲೆವೆಲ್ ನೋಡಿ. ಟೈರು ಒತ್ತಿ ನೋಡಿ. ಲಿವರ್ ಕೋನ ನೋಡಿ. ಸೈಕಲ್ ನಿಮಗೆ ಆಗಿಬರಲ್ಲ ಅನ್ನೋ ತೀರ್ಮಾನವನ್ನು ಇಷ್ಟೆಲ್ಲ ನೋಡಿದ ಮೇಲೆ ಬೇಕಾದ್ರೆ ತಗೊಳ್ಳಿ.